ಪದ ವಿಚಾರ: ‘ನೋಟು ಅಮಾನ್ಯೀಕರಣ’

ಪ್ರಶ್ನೆ: ನಮ್ಮ ಕನ್ನಡ ಸಂಘದ ಸ್ಮರಣ ಸಂಚಿಕೆಗೆ 2016ರ ನೋಟು ರದ್ದತಿಯ ಬಗ್ಗೆ ಲೇಖನ ಬರೆಯುತ್ತಿದ್ದೇನೆ. ‘ಡಿಮಾನಿಟೈಸೇಶನ್’ ಎಂಬುದಕ್ಕೆ ಅಮಾನ್ಯೀಕರಣ, ಅಪನಗದೀಕರಣ, ಅಪಮೌಲ್ಯೀಕರಣ ಎಂಬ ಮೂರು ರೂಪಗಳನ್ನು ಕಂಡಿದ್ದೇನೆ. ಇಲ್ಲಿನ ಮರಾಠಿ ಪತ್ರಿಕೆಗಳಲ್ಲಿರುವ ‘ನಿಶ್ಚಲನೀಕರಣ’ವನ್ನೇ ತೆಗೆದುಕೊಳ್ಳಬಹುದೇ? 2023ರಲ್ಲಿ ಎರಡು ಸಾವಿರದ ನೋಟಿಗೆ ಆದದ್ದಕ್ಕೂ ಇದೇ ಪದ ಸಲ್ಲುತ್ತದೆಯೇ?
— ಓದುಗರೊಬ್ಬರು, ಡೊಂಬಿವಲಿ

ಉತ್ತರ: ನೀವು ಹೇಳಿದ ಮೂರರಲ್ಲಿ ‘ಅಪಮೌಲ್ಯೀಕರಣ’ವನ್ನು ಮೊದಲು ಕೈಬಿಡಿ. ಬೇರೆ ದೇಶಗಳ ನಾಣ್ಯದೆದುರು ನಮ್ಮ ನಾಣ್ಯದ ವಿನಿಮಯ ದರವನ್ನು ಸರ್ಕಾರವೇ ಇಳಿಸುವುದು ಅಪಮೌಲ್ಯ. 1966ರ ಜೂನ್‌ನಲ್ಲಿ ಒಂದು ಡಾಲರಿನ ಬೆಲೆಯನ್ನು 4.76 ರೂಪಾಯಿಯಿಂದ 7.50ಕ್ಕೆ ಏರಿಸಿದಾಗ ನಡೆದದ್ದು ಅದು. ಆಗ ಯಾರ ಕೈಯಲ್ಲಿದ್ದ ನೋಟೂ ರದ್ದಾಗಲಿಲ್ಲ. ‘ಅಪನಗದೀಕರಣ’ವೂ ನನಗೆ ಒಪ್ಪಿಗೆಯಿಲ್ಲ. ನಗದು ಎಂದರೆ ಕೈಯಲ್ಲಿರುವ ರೊಕ್ಕ. ಆದ್ದರಿಂದ ಈ ಪದವನ್ನು ಓದಿದವರಿಗೆ ನಗದಿಲ್ಲದ ವ್ಯವಹಾರದ ನೆನಪಾಗುತ್ತದೆಯೇ ಹೊರತು ನೋಟು ರದ್ದಾದದ್ದು ಹೊಳೆಯುವುದಿಲ್ಲ.

ಮರಾಠಿಯಲ್ಲಿ ‘ಚಲನ’ ಎಂದರೆ ಚಲಾವಣೆಯ ಹಣ, ಹಾಗಾಗಿ ‘ನಿಶ್ಚಲನೀಕರಣ’ ಆ ಭಾಷೆಯಲ್ಲಿ ಅಂದವಾಗಿಯೇ ಇದೆ. ಕನ್ನಡದಲ್ಲಿ ಚಲನ ಎಂದರೆ ಅಲುಗಾಟ, ನಿಶ್ಚಲ ಎಂದರೆ ಅಲುಗದೆ ನಿಂತದ್ದು. ಲೋಕಲ್ ರೈಲಿನಲ್ಲಿ ನಾವೆಲ್ಲ ಕೇಳುವ ‘ನೋಟಾಬಂದಿ’ಯ ಕಥೆಯೂ ಹೀಗೆಯೇ, ಮರಾಠಿಯವರಿಗೆ ಇಲ್ಲಿನ ಬಂದಿ ಎಂದರೆ ನಿಷೇಧ, ನಮಗೆ ಬಂದಿ ಎಂದರೆ ಸೆರೆಯಾಳು. ನೆರೆಮನೆಯ ಮಾತನ್ನು ಪ್ರೀತಿಯಿಂದ ಕಲಿಯೋಣ, ಆದರೆ ಕನ್ನಡದಲ್ಲಿ ಬೇರೆಯೇ ಅರ್ಥವಿರುವ ಪದವನ್ನು ಹಾಗೆಯೇ ಎತ್ತಿಕೊಂಡರೆ ಊರಿನ ಓದುಗರು ತಡವರಿಸುತ್ತಾರೆ.

ಉಳಿದ ‘ಅಮಾನ್ಯೀಕರಣ’ವೇ ಸರಿಯಾದದ್ದು. 2016ರ ನವೆಂಬರ್ 8ರ ಮಧ್ಯರಾತ್ರಿಗೆ ಐನೂರು ಮತ್ತು ಸಾವಿರದ ಹಳೆಯ ನೋಟುಗಳು ಕಳೆದುಕೊಂಡದ್ದು ಕಾನೂನಿನ ಮಾನ್ಯತೆಯನ್ನು. ಡಿಸೆಂಬರ್ 30ರವರೆಗೆ ಬ್ಯಾಂಕ್ ಖಾತೆಗೆ ಕಟ್ಟಿದವರಿಗೆ ಅವುಗಳ ಪೂರ್ತಿ ಮೊತ್ತ ಜಮೆಯಾಗುತ್ತಿತ್ತು. ಅಂಗಡಿಯವನು ಪಡೆಯಲೇಬೇಕೆಂಬ ಬಲ ಹೋಗಿ, ಬೆಲೆ ಇನ್ನೂ ಕೆಲವು ವಾರ ಉಳಿದಿದ್ದ ಈ ಸ್ಥಿತಿಯನ್ನು ‘ಅಮಾನ್ಯ’ ಎಂಬ ಮಾತು ಬಹಳ ನಿಖರವಾಗಿ ಹಿಡಿಯುತ್ತದೆ. 1946ರಲ್ಲಿ ಐನೂರು, ಸಾವಿರ ಮತ್ತು ಹತ್ತು ಸಾವಿರದ ನೋಟುಗಳಿಗೂ, 1978ರಲ್ಲಿ ಸಾವಿರ, ಐದು ಸಾವಿರ ಮತ್ತು ಹತ್ತು ಸಾವಿರದ ನೋಟುಗಳಿಗೂ ಇದೇ ಪದ ಸಲ್ಲುತ್ತದೆ. ಮತವೂ ಅಮಾನ್ಯವಾಗಬಹುದಾದ್ದರಿಂದ ಮೊದಲ ಬಳಕೆಯಲ್ಲಿ ‘ನೋಟು’ ಎಂಬುದನ್ನು ಸೇರಿಸಿಯೇ ಬರೆಯಿರಿ. ವಾಕ್ಯದೊಳಗೆ ‘ಅಮಾನ್ಯೀಕರಣ ಮಾಡಲಾಯಿತು’ ಎನ್ನುವುದಕ್ಕಿಂತ ‘ಸರ್ಕಾರ ನೋಟುಗಳನ್ನು ಅಮಾನ್ಯಗೊಳಿಸಿತು’ ಎಂದರೆ ಯಾರು ಮಾಡಿದರು ಎಂಬುದೂ ತಿಳಿಯುತ್ತದೆ. ಆಡುಮಾತಿನ ಲೇಖನವಾದರೆ ‘ನೋಟು ರದ್ದತಿ’ಯೇ ಸಾಕು.

2023ರ ಮೇ 19ರಂದು ರಿಸರ್ವ್ ಬ್ಯಾಂಕ್ ಎರಡು ಸಾವಿರದ ನೋಟನ್ನು ಚಲಾವಣೆಯಿಂದ ಹಿಂತೆಗೆದುಕೊಂಡಿತು, ಆದರೆ ಅದರ ಕಾನೂನಿನ ಮಾನ್ಯತೆ ಮುಂದುವರಿಯುತ್ತದೆ ಎಂದೂ ಅದೇ ಪ್ರಕಟಣೆಯಲ್ಲಿ ತಿಳಿಸಿತು. ಆದ್ದರಿಂದ ಆ ಪ್ರಸಂಗಕ್ಕೆ ನಿಮ್ಮ ಲೇಖನದಲ್ಲಿ ‘ಹಿಂತೆಗೆತ’ ಎಂದೇ ಬರೆಯಿರಿ.