ದೊರೆ ಬಿಟ್ಟುಕೊಟ್ಟ ಅರಮನೆಯೇ ಅದು?

ಮಾನ್ಯರೇ,

ಮೊದಲ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಬ್ರೈಟನ್ ಊರಿನ ರಾಯಲ್ ಪೆವಿಲಿಯನ್ ಅರಮನೆಯಲ್ಲಿ ಸಾಲಾಗಿ ಮಲಗಿರುವ ಭಾರತೀಯ ಗಾಯಾಳುಗಳ ಚಿತ್ರ ನೋಡಿ ಎರಡು ಪ್ರಶ್ನೆ ಕೇಳಿದ್ದೀರಿ: ದೊರೆ ತನ್ನ ಅರಮನೆಯನ್ನೇ ಸಿಪಾಯಿಗಳಿಗೆ ಬಿಟ್ಟುಕೊಟ್ಟದ್ದು ನಿಜವೇ? ಮೈಸೂರು ಸಂಸ್ಥಾನದ ಕುದುರೆಪಡೆಯಾದ ಮೈಸೂರು ಲ್ಯಾನ್ಸರ್ಸ್‌ನವರೂ ಅಲ್ಲಿದ್ದರೇ?

ಮೊದಲನೆಯದು ಯುದ್ಧಕಾಲದ ಪ್ರಚಾರ. ಯುವರಾಜ ಜಾರ್ಜ್ (ಮುಂದೆ ನಾಲ್ಕನೇ ಜಾರ್ಜ್ ದೊರೆ) 1787ರಲ್ಲಿ ಕಟ್ಟಿಸಿಕೊಂಡ ಕಡಲತೀರದ ವಿಲಾಸಗೃಹಕ್ಕೆ ವಾಸ್ತುಶಿಲ್ಪಿ ಜಾನ್ ನ್ಯಾಶ್ 1815ರ ನಂತರ ಗುಮ್ಮಟ, ಮಿನಾರುಗಳನ್ನು ಏರಿಸಿದ. ವಿಕ್ಟೋರಿಯಾ ರಾಣಿಗೆ ಅದು ಹಿಡಿಸಲಿಲ್ಲ. 1850ರಲ್ಲಿ ಊರಿನ ಆಡಳಿತವೇ ಅದನ್ನು ಕೊಂಡುಕೊಂಡಿತು. ಹಾಗಾಗಿ 1914ರಲ್ಲಿ ಅದು ಆಗಿನ ದೊರೆ ಐದನೇ ಜಾರ್ಜ್‌ನ ಸ್ವತ್ತೇ ಅಲ್ಲ.

ಆದರೆ ಆಸ್ಪತ್ರೆ ನಡೆಸಿದ ಬಗೆ ಮಾತ್ರ ಗಮನಿಸಬೇಕಾದದ್ದು. 1914ರ ಡಿಸೆಂಬರಿನಲ್ಲಿ ಫ್ರಾನ್ಸಿನ ರಣರಂಗದಿಂದ ಗಾಯಾಳುಗಳು ಬಂದಾಗ ಪೆವಿಲಿಯನ್, ಪಕ್ಕದ ಡೋಮ್ ಮತ್ತು ಕಾರ್ನ್ ಎಕ್ಸ್‌ಚೇಂಜ್ ಕಟ್ಟಡಗಳು ಸೇರಿ ಏಳುನೂರಕ್ಕೂ ಹೆಚ್ಚು ಹಾಸಿಗೆಗಳಿದ್ದವು. (ಡೋಮ್ ಮೊದಲು ಕುದುರೆ ಲಾಯ!) ರಾಜನ ಔತಣದ ಅಡುಗೆಮನೆ ಶಸ್ತ್ರಚಿಕಿತ್ಸೆಯ ಕೋಣೆಯಾಯಿತು. ಸಿಪಾಯಿಗಳ ಊಟಕ್ಕೆ ಒಂಬತ್ತು ಬೇರೆ ಅಡುಗೆಮನೆಗಳು. ಅವರವರ ಜಾತಿ, ಮತದವರದೇ ಕೈಅಡುಗೆ. ವಾರ್ಡಿಗೆ ಎರಡು ನಲ್ಲಿ, ಹಿಂದೂಗಳಿಗೊಂದು, ಮುಸ್ಲಿಮರಿಗೊಂದು. ಹಲಾಲ್ ಮಾಂಸಕ್ಕೆ, ಒಂದೇ ಏಟಿಗೆ ಕಡಿದ ಝಟ್ಕಾ ಮಾಂಸಕ್ಕೆ ಬೇರೆ ಬೇರೆ ಜಾಗ. ಹುಲ್ಲುಹಾಸಿನ ಮೇಲೆ ನಮಾಜು, ಡೇರೆಯಲ್ಲಿ ಗುರುದ್ವಾರ. ಇದೆಲ್ಲ ಬರೀ ಕರುಣೆಯಲ್ಲ. ಹಸು, ಹಂದಿಯ ಕೊಬ್ಬು ಸವರಿದ ತೋಟಾಗಳ ವದಂತಿ 1857ರಲ್ಲಿ ಏನು ಮಾಡಿತ್ತೆಂಬುದು ಅಧಿಕಾರಿಗಳಿಗೆ ಗೊತ್ತಿತ್ತು. ‘ಜಾತಿ ಕೆಡಿಸಿದರು’ ಎಂಬ ಒಂದು ಕಾಗದ ಪಂಜಾಬಿನ ಹಳ್ಳಿಗೆ ಹೋದರೂ ಸೈನ್ಯ ಭರ್ತಿಗೆ ಹೊಡೆತ. ಅದೇ ಅಧಿಕಾರಿಗಳು ಸಿಪಾಯಿಗಳು ಊರೊಳಗೆ ಮನಬಂದಂತೆ ಓಡಾಡದ ಹಾಗೆ ಬೇಲಿ, ಕಾವಲನ್ನೂ ಇಟ್ಟಿದ್ದರು.

ತೀರಿಕೊಂಡ 53 ಮಂದಿ ಹಿಂದೂ, ಸಿಖ್ಖರ ದಹನ ಊರಾಚೆ ಪ್ಯಾಚಮ್ ಬಳಿಯ ಗುಡ್ಡದಲ್ಲಾಯಿತು. ಚಿತೆಗಳಿದ್ದಲ್ಲಿ 1921ರಿಂದ ‘ಛತ್ರಿ’ ಎಂಬ ಅಮೃತಶಿಲೆಯ ಸ್ಮಾರಕ ನಿಂತಿದೆ. ಮುಸ್ಲಿಮರನ್ನು ವೋಕಿಂಗ್‌ನಲ್ಲಿ ಮಣ್ಣು ಮಾಡಿದರು. ಭಾರತೀಯ ಕಾಲಾಳು ಪಡೆಗಳನ್ನು ಮೆಸೊಪೊಟೇಮಿಯಾಕ್ಕೆ (ಇಂದಿನ ಇರಾಕ್) ಸಾಗಿಸಿದ ಮೇಲೆ, 1916ರ ಆರಂಭದಲ್ಲಿ ಈ ಆಸ್ಪತ್ರೆ ಮುಚ್ಚಿತು. ಆಮೇಲೆ 1920ರವರೆಗೆ ಅಲ್ಲಿದ್ದವರು ಕೈಕಾಲು ಕಳೆದುಕೊಂಡ ಬ್ರಿಟಿಷ್ ಯೋಧರು.

ಇನ್ನು ಮೈಸೂರು ಲ್ಯಾನ್ಸರ್ಸ್. ಫ್ರಾನ್ಸಿಗೆ ಹೋದ ಪಡೆ ಅದಲ್ಲ. ಸೂಯೆಜ್ ಕಾಲುವೆಯ ಕಾವಲಿಗೆ ಈಜಿಪ್ಟಿಗೆ ಹೋಯಿತು, ಮುಂದೆ ಪ್ಯಾಲೆಸ್ಟೈನಿಗೆ. 1918ರ ಸೆಪ್ಟೆಂಬರ್ 23ರಂದು ಅಲ್ಲಿನ ಹೈಫಾ ಊರನ್ನು ಹಿಡಿದದ್ದು ಜೋಧಪುರದ ಲ್ಯಾನ್ಸರ್ಸ್ ಜೊತೆ. ಹಾಗಾಗಿ ನಿಮ್ಮ ಹಿರಿಯರು ಆ ಪಡೆಯಲ್ಲಿದ್ದರೆ ಬ್ರೈಟನ್ನಿನ ದಾಖಲೆ ಕೆದಕಿ ಫಲವಿಲ್ಲ. ಬೆಂಗಳೂರಿನ ಜೆ.ಸಿ. ನಗರದಲ್ಲಿರುವ ಲ್ಯಾನ್ಸರ್ಸ್ ಸ್ಮಾರಕದಿಂದ ಹುಡುಕಾಟ ಶುರು ಮಾಡಿ.

— ಸಂ.