ಗಾಳ ಹಾಕಿ ಕೂತರೆ ಹೊಟ್ಟೆ ತುಂಬುತ್ತಾ?

ಪ್ರಶ್ನೆ: ಸಾರ್, ಮಗ ಪಿಯುಸಿ. ಪುಸ್ತಕ ಮುಟ್ಟಲ್ಲ. ಅಮೆರಿಕದಲ್ಲಿ ಬಾಸ್ ಮೀನು ಹಿಡಿದೇ ಕೋಟಿ ದುಡೀತಾರೆ ಅಂತ ಫೋನಿನಲ್ಲಿ ತೋರಿಸ್ತಾನೆ. ಗಾಳ ಹಾಕಿ ಕೂತರೆ ಹೊಟ್ಟೆ ತುಂಬುತ್ತಾ?
– ಓದುಗರು, ಸಾಗರ

ಉತ್ತರ: ಕೆಲವರಿಗೆ ತುಂಬುತ್ತದೆ. ಮಗ ಸುಳ್ಳು ಹೇಳುತ್ತಿಲ್ಲ. ಬಾಸ್ ಅಂದರೆ ಅಲ್ಲಿನ ಸಿಹಿನೀರಿನ ದೊಡ್ಡ ಬಾಯಿಯ ಮೀನು. ಅದನ್ನು ಹಿಡಿಯುವ ದೊಡ್ಡ ಪಂದ್ಯ ಬಾಸ್‌ಮಾಸ್ಟರ್ ಕ್ಲಾಸಿಕ್. 1971ರಲ್ಲಿ ಶುರುವಾದಾಗ ಗೆದ್ದವರಿಗೆ 10 ಸಾವಿರ ಡಾಲರ್ ಕೊಟ್ಟರು. ಈಗ 3 ಲಕ್ಷ. ಆದರೆ ಗೆಲ್ಲುವುದು ಒಬ್ಬರೇ ಅಲ್ವಾ? ಅಲ್ಲಿಗೆ ತಲುಪಲು ಬೇರೆ ಪಂದ್ಯಗಳನ್ನು ಆಡಬೇಕು. ಎಂಟ್ರಿ ಫೀಸು ಕೈಯಿಂದಲೇ ಕಟ್ಟಬೇಕು. ದೋಣಿ, ಅದನ್ನು ಎಳೆಯುವ ಟ್ರಕ್ಕು, ಪೆಟ್ರೋಲು, ಊರೂರಿನ ಲಾಡ್ಜು, ಎಲ್ಲವೂ ಸ್ವಂತ ಖರ್ಚು. ಅಂಗಿ ತುಂಬ ಕಂಪನಿಗಳ ಹೆಸರು ಸುಮ್ನೆ ಅಂಟಿಸಿಕೊಂಡಿರುವುದಿಲ್ಲ. ಗಾಳದ ದಾರ ಸುತ್ತುವ ರೀಲು, ದೋಣಿಯ ಮೋಟಾರು ಮಾಡುವವರು ಕೊಡುವ ದುಡ್ಡೇ ಎಷ್ಟೋ ಜನರಿಗೆ ಸಂಬಳ.

ಮಗನಿಗೆ ತಕಾಹಿರೊ ಒಮೊರಿ ಕಥೆ ಹೇಳಿ. ಟೋಕಿಯೊದ ಹುಡುಗ. 1992ರಲ್ಲಿ ಅಮೆರಿಕಕ್ಕೆ ಬಂದಾಗ ಇಂಗ್ಲಿಷ್ ಬರುತ್ತಿರಲಿಲ್ಲ. ಬಾಡಿಗೆಗೆ ಕಾಸಿಲ್ಲದೆ ಗಾಡಿಯೊಳಗೇ ವಾಸ. 2004ರಲ್ಲಿ ಕೆರೊಲೈನಾದ ಲೇಕ್ ವೈಲಿಯಲ್ಲಿ ಕ್ಲಾಸಿಕ್ ನಡೆಯಿತು. ಕೊನೆಯ ದಿನ, ಹೊತ್ತು ಮುಗಿಯಲು ಕೆಲವೇ ನಿಮಿಷ ಇದ್ದಾಗ ಗಾಳ ಜಗ್ಗಿತು. ಆ ಮೀನು ಅವನನ್ನು ಗೆಲ್ಲಿಸಿತು. ಗಾಡಿಯಲ್ಲಿ ಮಲಗಿದವನು 2 ಲಕ್ಷ ಡಾಲರ್ ಎಣಿಸಲು 12 ವರ್ಷ ಹಿಡಿಯಿತು ನೋಡಿ.

ಇನ್ನು ‘ಕೂತರೆ’ ಅಂದಿರಲ್ಲ, ಅಲ್ಲಿ ಯಾರೂ ಕೂರುವುದಿಲ್ಲ. ದೋಣಿಯ ಮುಂದಿನ ತುದಿಯಲ್ಲಿ ನಿಲ್ಲಬೇಕು. ಒಂದು ಕಾಲು ಎಲೆಕ್ಟ್ರಿಕ್ ಮೋಟಾರಿನ ಪೆಡಲ್ ಮೇಲೆ. ಗಾಳಿಗೆ ದೋಣಿ ಸರಿಯದಂತೆ ಅದನ್ನು ತುಳಿಯುತ್ತಲೇ, ದಿನವಿಡೀ ಗಾಳ ಎಸೆಯುತ್ತಿರಬೇಕು. ಎರೆಹುಳ ಸಿಕ್ಕಿಸುವಂತಿಲ್ಲ. ಪ್ಲಾಸ್ಟಿಕ್ಕು, ಮರದ ನಕಲಿ ಮೀನುಗಳೇ ಗತಿ. ಗೆಲುವು ಮೀನಿನ ಒಟ್ಟು ತೂಕದ ಮೇಲೆ. ಆದರೆ ತೂಗಿಸಲು ದಿನಕ್ಕೆ ಐದೇ ಮೀನು. ಆರನೆಯದು ದಪ್ಪಗಿದ್ದರೆ ಇರುವುದರಲ್ಲಿ ಚಿಕ್ಕದನ್ನು ನೀರಿಗೆ ಬಿಡಬೇಕು.

ಆತುರವೇನೂ ಇಲ್ಲ ಅಂತಲೂ ಹೇಳಿ. ನಾಲ್ಕು ಸಲ ಕ್ಲಾಸಿಕ್ ಗೆದ್ದ ರಿಕ್ ಕ್ಲನ್ 2019ರಲ್ಲಿ ಫ್ಲೋರಿಡಾದ ಸೇಂಟ್ ಜಾನ್ಸ್ ನದಿಯಲ್ಲಿ ಮತ್ತೊಂದು ಪಂದ್ಯ ಗೆದ್ದರು. ಆಗ ಅವರಿಗೆ 72 ವರ್ಷ. ಪಿಯುಸಿ, ಡಿಗ್ರಿ ಎರಡೂ ಮುಗಿಸಿಕೊಂಡು ಹೋದರೂ ಬೇಕಾದಷ್ಟು ಟೈಮಿದೆ.

ಪ್ರಶ್ನೆ: ಅಷ್ಟೆಲ್ಲ ಕಷ್ಟಪಟ್ಟು ಹಿಡಿದ ಮೀನು ಸಾರಿಗೆ ಹೋಗುತ್ತದೆಯೇ?
– ಓದುಗರು, ಮಂಗಳೂರು

ಉತ್ತರ: ನೀವು ಕೇಳದೆ ಇನ್ಯಾರು ಕೇಳಬೇಕು! ಇಲ್ಲ, ಹೋಗುವುದಿಲ್ಲ. ಈ ಪಂದ್ಯಗಳನ್ನು ಕಟ್ಟಿ ಬೆಳೆಸಿದ ರೇ ಸ್ಕಾಟ್ 1972ರಲ್ಲೇ ಮೀನನ್ನು ಜೀವಂತ ಬಿಡುವ ಪದ್ಧತಿ ತಂದರು. ದೋಣಿಯೊಳಗೆ ನೀರಿನ ತೊಟ್ಟಿ ಇರುತ್ತದೆ, ಪಂಪು ನೀರು ಹಾಯಿಸುತ್ತಿರುತ್ತದೆ. ನೀರು ತುಂಬಿದ ಚೀಲದಲ್ಲಿ ತಂದು ತೂಗಿಸಿ ವಾಪಸ್ ಬಿಡುತ್ತಾರೆ. ಸತ್ತ ಮೀನು ತಂದರೆ ತೂಕದಲ್ಲಿ ಕಡಿತ. ಎರಡು ಮೂರು ಔನ್ಸಿಗೆ ಬಹುಮಾನ ಕೈತಪ್ಪುವ ಆಟದಲ್ಲಿ ಅದು ಸಣ್ಣ ದಂಡವಲ್ಲ.