ಒಂದೇ ಹಳ್ಳಕ್ಕೆ ಎರಡು ಹೆಸರಿದ್ದರೆ?

ಪ್ರಶ್ನೆ: ನಮ್ಮೂರಿನ ಹಳೆಯ ಕಾಲದ ನಕ್ಷೆಯೊಂದನ್ನು ರೂಪಿಸುವ ಸಲುವಾಗಿ ಗುಡ್ಡ, ಹಳ್ಳಗಳ ಹೆಸರುಗಳನ್ನು ಬರೆದಿಡುತ್ತಿದ್ದೇನೆ. ಒಂದೇ ಹಳ್ಳಕ್ಕೆ ಮೇಲಿನ ಕೇರಿಯವರು ಒಂದು ಹೆಸರು, ಕೆಳಗಿನ ಕೇರಿಯವರು ಇನ್ನೊಂದು ಹೆಸರು ಹೇಳುತ್ತಾರೆ. ಗ್ರಾಮ ನಕ್ಷೆಯಲ್ಲಿ ಬರೀ ‘ಹಳ್ಳ’ ಎಂದಿದೆ. ಯಾವುದನ್ನು ಸರಿಯೆಂದು ಇಟ್ಟುಕೊಳ್ಳಲಿ?
— ಓದುಗರೊಬ್ಬರು, ಶಿರಸಿ ತಾಲ್ಲೂಕು

ಉತ್ತರ: ಎರಡನ್ನೂ ಇಟ್ಟುಕೊಳ್ಳಿ. ನಿಮ್ಮ ಜಿಲ್ಲೆಯ ದೊಡ್ಡ ಹೊಳೆಗಳಲ್ಲೊಂದು ಘಟ್ಟದ ಮೇಲೆ ಬೇಡ್ತಿ ಎನಿಸಿಕೊಂಡು, ಕಡಲು ಸೇರುವ ಹೊತ್ತಿಗೆ ಗಂಗಾವಳಿಯಾಗಿರುತ್ತದೆ. ಎರಡರಲ್ಲಿ ಯಾವುದೂ ತಪ್ಪಲ್ಲ. ಯಾವ ಹೆಸರು ಎಲ್ಲಿಂದ ಎಲ್ಲಿಯವರೆಗೆ ಬಳಕೆಯಲ್ಲಿದೆ, ಹೇಳಿದವರು ಯಾವ ಕೇರಿಯವರು, ಸುಮಾರು ಎಷ್ಟು ವಯಸ್ಸಿನವರು, ಯಾವ ದಿನ ಹೇಳಿದರು ಎಂಬುದನ್ನು ಹೆಸರಿನ ಪಕ್ಕದಲ್ಲೇ ಬರೆಯಿರಿ.

ಹೆಸರನ್ನು ಕಿವಿಗೆ ಬಿದ್ದಂತೆ, ಕನ್ನಡ ಅಕ್ಷರಗಳಲ್ಲೇ ಬರೆಯಬೇಕು. ಇಂಗ್ಲಿಷ್ ಅಕ್ಷರಗಳಲ್ಲಿ ಲಕಾರ, ಳಕಾರಗಳ ಭೇದ ಅಳಿಸಿಹೋಗುವುದರಿಂದ, ಅದು ಕಲ್ಲಗುಡ್ಡವೋ ಕಳ್ಳಗುಡ್ಡವೋ ಎಂಬುದು ಮುಂದಿನವರಿಗೆ ತಿಳಿಯದು. ಆಡುಮಾತಿನ ಹೆಸರನ್ನು ತಿದ್ದಿ ಸಂಸ್ಕೃತಗೊಳಿಸುವುದೂ ಬೇಡ. ಕೊಡಚಾದ್ರಿಗೆ ಕುಟಜಾದ್ರಿ ಎಂಬ ರೂಪವೂ ಇದೆ, ಕುಟಜವೆಂದರೆ ಕೊಡಸಿಗೆ ಗಿಡ. ಎರಡೂ ರೂಪಗಳು ಉಳಿದಿರುವುದರಿಂದಲೇ ಅವುಗಳ ನಂಟನ್ನು ಕುರಿತು ಯೋಚಿಸಲು ನಮಗೆ ಸಾಧ್ಯವಾಗಿದೆ. ಹೆಸರಿನ ಅರ್ಥ, ಅದರ ಹಿಂದಿನ ಕಥೆ ಬೇರೆ ಕಲಮಿನಲ್ಲಿರಲಿ.

ನಿಮ್ಮ ಸೀಮೆಯಲ್ಲಿ ಇನ್ನೊಂದು ಎಚ್ಚರ ಬೇಕು. ಬಯಲುಸೀಮೆಯವರಿಗೆ ಬೆಟ್ಟವೆಂದರೆ ಎತ್ತರದ ಗುಡ್ಡ. ನಿಮ್ಮಲ್ಲಿ ಅಡಿಕೆ ತೋಟಕ್ಕೆ ಸೊಪ್ಪು, ತರಗೆಲೆ ತರುವ ಕಾಡೂ ‘ಬೆಟ್ಟ’ವೇ, ಅದು ಇಳಿಜಾರಿನಲ್ಲಿದ್ದರೂ ಸರಿ, ತಗ್ಗಿನಲ್ಲಿದ್ದರೂ ಸರಿ. ಇದನ್ನರಿಯದೆ ನಕ್ಷೆ ಬರೆಯುವವರು ಸೊಪ್ಪಿನ ಬೆಟ್ಟದ ಹೆಸರನ್ನು ಹತ್ತಿರದ ಶಿಖರಕ್ಕೆ ಅಂಟಿಸಿಬಿಡಬಹುದು. ಆದ್ದರಿಂದ ಬೆಟ್ಟ, ಕಾನು, ಬೇಣ, ಹಕ್ಕಲು ಎಂಬ, ನೆಲದ ಬಗೆಯನ್ನು ಹೇಳುವ ಮಾತುಗಳಿಗೆ ನಿಮ್ಮೂರಿನಲ್ಲಿ ಏನರ್ಥವಿದೆ ಎಂಬುದನ್ನು ಮೊದಲ ಪುಟದಲ್ಲೇ ವಿವರಿಸಿ.

ಸರ್ವೆ ಆಫ್ ಇಂಡಿಯಾದ 1:50,000 ಪ್ರಮಾಣದ ನಕ್ಷೆಯಲ್ಲಿ ಒಂದು ಸೆಂಟಿಮೀಟರ್ ಎಂದರೆ ನೆಲದ ಮೇಲೆ 500 ಮೀಟರ್. ಅಷ್ಟರಲ್ಲಿ ನಿಮ್ಮ ಕಿರುಹಳ್ಳಗಳ ಹೆಸರಿಗೆ ಎಡೆಯೆಲ್ಲಿ? ಆದರೆ ದಾನಶಾಸನಗಳಲ್ಲಿ ಭೂಮಿಯ ಎಲ್ಲೆಯನ್ನು ಹೇಳುವಾಗ ಮೂಡಲು ಹಳ್ಳ, ತೆಂಕಲು ಬಂಡೆ, ಪಡುವಲು ಇಂಥ ಮರ ಎಂದು ಎಣಿಸುತ್ತಾರಲ್ಲ, ಅಂಥ ಭೂಮಿ ಈಗ ಎಲ್ಲಿದೆಯೆಂದು ಹುಡುಕುವವರಿಗೆ ಜನರ ಬಾಯಲ್ಲಿ ಉಳಿದ ಸಣ್ಣ ಹೆಸರೇ ಆಧಾರವಾಗಬಲ್ಲದು. ಇಂಥ ಹೆಸರು ದಿನವೂ ಕಳೆದುಹೋಗುತ್ತಿರುವುದನ್ನು ನೆನೆದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ದನ ಕಾಯ್ದವರನ್ನು, ಸೊಪ್ಪು ಹೊತ್ತ ಹೆಂಗಸರನ್ನು, ಜೇನು ಕೊಯ್ದವರನ್ನು ತಪ್ಪದೆ ಕೇಳಿ. ಜಗುಲಿಯ ಮೇಲೆ ಕುಳಿತು ಕೇಳುವುದಕ್ಕಿಂತ ಅವರೊಂದಿಗೆ ಹಳ್ಳದ ದಂಡೆ ಹಿಡಿದು ನಡೆಯುವುದು ಮೇಲು. ಎಮ್ಮೆ ಮೀಯಿಸುತ್ತಿದ್ದ ಗುಂಡಿ, ಬಟ್ಟೆ ಒಗೆಯುತ್ತಿದ್ದ ಕಲ್ಲು ಕಣ್ಣಿಗೆ ಬಿದ್ದಾಗ ಹೆಸರು ತಾನಾಗಿ ಬಾಯಿಗೆ ಬರುತ್ತದೆ. ಮಳೆಗಾಲ ಮುಗಿದು ನೀರಿಳಿದ ಕೂಡಲೇ ಹೊರಡಿ, ಎರಡೂ ಕೇರಿಗಳ ಅತ್ಯಂತ ಹಿರಿಯರಿಂದಲೇ ಆರಂಭಿಸಿ.